ಎರಡನೇ ರಿಮೋಟ್

ಹಾನಗಲ್ಲ,
9 ಜೂನ್ 2025

ಪ್ರೀತಿಯ ಸುಭಾಸನಿಗೆ,

ಪತ್ರ ಅಂದ ಮೇಲೆ ಮೊದಲು ಕ್ಷೇಮ ಕೇಳಬೇಕು. ನಿನ್ನ ಕ್ಷೇಮ ಎಂಥದ್ದು ಅನ್ನುವುದು ನನಗೆ ಗೊತ್ತು. ನನ್ನದು ಈ ಪತ್ರ ಮುಗಿಯುವಷ್ಟರಲ್ಲಿ ನಿನಗೆ ಗೊತ್ತಾಗುತ್ತದೆ. ಹಾಗಾಗಿ ಆ ಸಾಲು ಬಿಟ್ಟುಬಿಡುತ್ತೇನೆ. ತಹಶೀಲ್ದಾರ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಹದಿನೆಂಟು ವರ್ಷದಿಂದ ಊರ ಮಂದಿಯ ಅರ್ಜಿ ಬರೆಯುತ್ತ ಕುಳಿತವನು ನಾನು. ವಾರಸಾ, ರೇಶನ್ ಕಾರ್ಡು, ವಿಧವಾ ವೇತನ, ಎಲ್ಲದಕ್ಕೂ ನನ್ನ ಹತ್ತಿರ ತಯಾರು ಒಕ್ಕಣೆ ಇದೆ. ಇದಕ್ಕೆ ಇಲ್ಲ. ಈಗಾಗಲೇ ಮೂರು ಹಾಳೆ ಹರಿದಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ವಾದಕ್ಕೆ ಇಳಿಯುತ್ತೀ, ವಾದದಲ್ಲಿ ನಾನು ನಿನ್ನನ್ನು ಒಮ್ಮೆಯೂ ಗೆದ್ದವನಲ್ಲ. ನಿನ್ನ ಕೈಗೆ ಈಗ ಹಾಳೆ ಹಿಡಿಯುವ ಶಕ್ತಿಯಿಲ್ಲ. ನಿನ್ನ ಮನೆಯವರು, ನಮ್ಮ ವೈನಿ, ಓದಿ ಹೇಳುತ್ತಾರೆ. ಅವರು ಓದುವಾಗ ತಡೆಯಬೇಡ. ಪೂರ್ತಿ ಕೇಳು, ಆಮೇಲೆ ಬೈಯಿ.

ಹೋದ ವಾರ ಹಿರೇಕೆರೂರಿಗೆ ಬಂದಾಗ ನಿನ್ನ ಹಾಸಿಗೆಯ ಪಕ್ಕದಲ್ಲಿ ಹುಬ್ಬಳ್ಳಿ ಡಾಕ್ಟರರ ಚೀಟಿ ಮಡಚಿದ ಹಾಗೇ ಇತ್ತು. ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಉಸಿರಿನ ಯಂತ್ರ ಬೇಕು ಎಂದು ಅವರು ಬರೆದುಕೊಟ್ಟು ಎರಡು ತಿಂಗಳಾಗಿದೆ. ಎದೆಯ ಸ್ನಾಯುಗಳು ಸೋಲುತ್ತಿವೆ, ತಡ ಮಾಡಬೇಡಿ ಎಂದೂ ಹೇಳಿದ್ದಾರೆ. ನೀನು ಮಾತ್ರ ತಡಸದ ಕಡೆಯ ಆ ನಾಟಿ ವೈದ್ಯ ಅಜ್ಜನ ಬೇರಿನ ಪುಡಿಯನ್ನೇ ಹಿಡಿದು ಕುಳಿತಿದ್ದೀ. ಯಾಕೆ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ಇಷ್ಟು: “ದೀಪಾವಳಿಗೆ ಕ್ವಾಟಿ ಆಟ ಮುಗಿಸಿದ ಕೈ ಅದಾವಲೇ ಇವು. ಒಮ್ಮೆ ತಿರುಗಿ ಬಂದಿದ್ವು, ಮತ್ತ ಬರತಾವ.” ನಾನು ಹೂಂ ಅಂದು, ವೈನಿ ಕೊಟ್ಟ ಚಹಾ ಕುಡಿದು, ನಾಲ್ಕರ ಬಸ್ಸು ಹಿಡಿದೆ. ಹಂಸಭಾವಿ ದಾಟುವವರೆಗೂ ಎದುರಿನ ಸೀಟಿನ ಹಿಂಬದಿಯನ್ನೇ ನೋಡುತ್ತ ಕುಳಿತಿದ್ದೆ.

ಸುಭಾಸ, ದೀಪಾವಳಿಗೆ ಆ ಕೋಟೆಯ ಆಟ ಮುಗಿಸಿದ್ದು ನಿನ್ನ ಕೈಯಲ್ಲ. ನನ್ನ ಕೈ.

ಇಷ್ಟು ಬರೆದು ಪೆನ್ನು ಇಟ್ಟು, ಒಬ್ಬ ಅಜ್ಜಿಯ ಆಧಾರ್ ಕಾರ್ಡು ಝೆರಾಕ್ಸ್ ಮಾಡಿ ಬಂದೆ. ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ಇದನ್ನು ಓದುತ್ತಿರುವ ವೈನಿಗೆ ನಮ್ಮ ಹುಚ್ಚು ಪೂರ್ತಿ ಗೊತ್ತಿರಲಿಕ್ಕಿಲ್ಲ.

ಸವಣೂರಿನಲ್ಲಿ ಹೈಸ್ಕೂಲು ಓದುವಾಗ ನಾನು ಅತ್ತೆಯ ಮನೆಯಲ್ಲಿದ್ದೆ, ನೀನು ಹಾಸ್ಟೆಲಿನಲ್ಲಿದ್ದೆ. ನಮ್ಮಿಬ್ಬರ ನಿಜವಾದ ಮನೆ ದಸ್ತಗೀರಸಾಬರ ವಿಡಿಯೋ ಗೇಮಿನ ಅಂಗಡಿ. ಎರಡು ಟಿ.ವಿ., ಒಂದು ಬೆಂಚು, ಊದಿ ಊದಿ ಹಾಕಬೇಕಾದ ಕ್ಯಾಸೆಟ್ಟುಗಳು. ಲೋಕದಲ್ಲೇ ಶ್ರೇಷ್ಠ ಆಟ ಯಾವುದು ಎಂಬ ಜಗಳ ಅಲ್ಲಿ ದಿನಾ ನಡೆಯುತ್ತಿತ್ತು. ಗುಂಡು ಹಾರಿಸುವ ಕಾಂಟ್ರಾ ಅನ್ನುವವರ ಗುಂಪು ದೊಡ್ಡದು. ನನ್ನದು ಟ್ಯಾಂಕಿನ ಆಟ. ಇಬ್ಬರು ಕೂಡಿ ಒಂದು ಗುಬ್ಬಚ್ಚಿಯಂಥ ಹದ್ದನ್ನು ಕಾಯುವ ಆಟಕ್ಕಿಂತ ದೊಡ್ಡದು ಇಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಜಗಳ ಕೈ ಮಿಲಾಯಿಸುವ ಮಟ್ಟಕ್ಕೆ ಹೋದಾಗ ದಸ್ತಗೀರಸಾಬರು ಒಂದು ಕಾಯಿದೆ ಮಾಡಿದರು. ಆಟವನ್ನು ಕೊನೆತನಕ ಮುಗಿಸಿದವನಿಗಷ್ಟೇ ಅದರ ಪರ ಮಾತಾಡುವ ಹಕ್ಕು. ಮುಗಿಸಿದ್ದನ್ನು ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಇರಬೇಕು. ಸಾಕ್ಷಿ ಷಟರಿಗೆ ಕೈ ಹಚ್ಚಿ ಹೇಳಬೇಕು.

ಆ ಕಾಯಿದೆಯಿಂದ ಹಾಳಾದವನು ನೀನೊಬ್ಬನೇ. ನಿನಗೆ ಬೇಕಾದದ್ದು ಆ ಹಳದಿ ಕ್ಯಾಸೆಟ್ಟು. ಅದರ ಮೇಲೆ ಯಾವ ದೇಶದ ಲಿಪಿ ಇತ್ತೋ, ಯಾರಿಗೂ ಓದಲು ಬಾರದೆ ಕೋಟೆಯ ಆಟ ಎಂದು ಹೆಸರಿಟ್ಟೆವು. ಒಬ್ಬನೇ ಆಡುವ ಆಟ. ಏಳು ಬಾಗಿಲು. ಏಳನೆಯದರಲ್ಲಿ ಬಾವಲಿಗಳು ಬಂದು ನಮ್ಮ ಮನುಷ್ಯನನ್ನು ಗೋಡೆಯಿಂದ ಕೆಡವುತ್ತಿದ್ದವು. ಅದನ್ನು ಯಾರೂ ದಾಟಲಿಲ್ಲ, ನೀನೂ ದಾಟಲಿಲ್ಲ, ಆದರೂ ಅದೇ ಶ್ರೇಷ್ಠ ಎನ್ನುವುದನ್ನು ಬಿಡಲಿಲ್ಲ.

ಮುಂದೆ ನಾನು ಹಾನಗಲ್ಲಿಗೆ ಬಂದೆ, ನೀನು ಹಿರೇಕೆರೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದೆ. ಉಳಿದವರು ಶಿಗ್ಗಾಂವಿಗೋ ಬಂಕಾಪುರಕ್ಕೋ ಚದುರಿದರು. ವಾಟ್ಸಾಪು ಬಂದ ಮೇಲೆ ಮತ್ತೆ ಗುಂಪು ಕಟ್ಟಿದೆವು. ಡಿಸೆಂಬರಿನ ಕೊನೆಯ ಭಾನುವಾರ ಸವಣೂರಿನಲ್ಲಿ ಸೇರಿ, ಖಾರ ತಿಂದು, ಕೈ ಎತ್ತಿ, ಎಲ್ಲ ಕಾಲದ ಶ್ರೇಷ್ಠ ಆಟ ಆರಿಸುವುದು ಪದ್ಧತಿಯಾಯಿತು. ನಲವತ್ತು ದಾಟಿದ ಗಂಡಸರು, ಜೊತೆಗೆ ನಮ್ಮ ಶಾಕೀರಾ ಟೀಚರು. ಇಟ್ಟಿಗೆ ಬೀಳುವ ಆಟವೇ ದೊಡ್ಡದು ಎನ್ನುವುದು ಅವರ ವಾದ. ಅದನ್ನು ಮುಗಿಸಲು ಯಾರಿಗೂ ಆಗುವುದಿಲ್ಲ, ಆದ್ದರಿಂದ ಕಾಯಿದೆ ಪ್ರಕಾರ ಅದು ಪಟ್ಟಿಗೇ ಬರುವುದಿಲ್ಲ ಎಂದು ನೀನು ತಗಾದೆ ತೆಗೆಯುತ್ತಿದ್ದೆ. ಅದಕ್ಕೆ ಅವರು ಹೇಳಿದ್ದು ನನಗೆ ಮರೆತಿಲ್ಲ. ಆ ಆಟದಲ್ಲಿ ಗೆಲುವು ಅನ್ನುವುದೇ ಇಲ್ಲ, ಎಷ್ಟು ಹೊತ್ತು ತಡೆದು ಸೋಲುತ್ತೀರಿ ಅನ್ನುವುದೊಂದೇ ಇರುವುದು ಎಂದಿದ್ದರು. ಆಗ ಎಲ್ಲರೂ ನಕ್ಕಿದ್ದೆವು.

ಎರಡು ವರ್ಷದ ಹಿಂದೆ ನಿನ್ನ ಬೆರಳಿನಿಂದ ತಾಮ್ರದ ತಂತಿ ಜಾರತೊಡಗಿತು. ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿ, ಇದು ನರ ಒಣಗುತ್ತ ಹೋಗುವ ರೋಗ, ವಾಸಿ ಮಾಡುವ ಔಷಧ ಇಲ್ಲ, ಸ್ವಲ್ಪ ನಿಧಾನ ಮಾಡುವ ಗುಳಿಗೆ ಇದೆ ಎಂದರು. ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನೀನು ಮಕ್ಕಳ ಮಾತು ಆಡಲಿಲ್ಲ, ಅಂಗಡಿಯ ಮಾತು ಆಡಲಿಲ್ಲ. ಏಳನೇ ಬಾಗಿಲು ಹಾಗೇ ಉಳಿಯಿತಲ್ಲ ಅಂದೆ. ಬೇರೆ ಯಾರಾದರೂ ಕೇಳಿದ್ದರೆ ಇವನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನನಗೆ ಅರ್ಥವಾಯಿತು, ಅದೇ ನನ್ನ ತಪ್ಪು.

ಟಿ.ವಿ.ಗೆ ಚುಚ್ಚುವ ಗೇಮ್ ಸ್ಟಿಕ್ ಬಂದಿದೆಯಲ್ಲ, ಹಳೆಯ ಆಟ ಸಾವಿರಗಟ್ಟಲೆ ಇರುವುದು, ಅದನ್ನು ತರಿಸಿ ಹುಡುಕಿದಾಗ ಕೋಟೆಯ ಆಟ ಸಿಕ್ಕಿತು. ದಸರೆಯಿಂದ ದೀಪಾವಳಿಯವರೆಗೆ ಕಚೇರಿಯ ಊಟದ ಹೊತ್ತಿನಲ್ಲಿ ಷಟರು ಅರ್ಧ ಇಳಿಸಿ ಅಭ್ಯಾಸ ಮಾಡಿದೆ. ಬಾವಲಿಗಳು ಮೂರು, ಎರಡು, ಮೂರು ಹೀಗೆ ಬರುತ್ತವೆ. ಎಣಿಸುತ್ತ ಏರಬೇಕು, ಅಷ್ಟೇ ಗುಟ್ಟು. ಪಾಡ್ಯದ ದಿನ ಸ್ಟಿಕ್ಕು ತೆಗೆದುಕೊಂಡು ನಿಮ್ಮ ಮನೆಗೆ ಬಂದೆ. ಅದಕ್ಕೆ ರಿಮೋಟು ಎರಡು. ಒಬ್ಬನೇ ಆಡುವ ಆಟದಲ್ಲಿ ಎರಡನೇ ರಿಮೋಟಿನ ದೀಪ ಉರಿಯುತ್ತದೆ, ಗುಂಡಿ ಒತ್ತಬಹುದು, ಏನೂ ಆಗುವುದಿಲ್ಲ. ನಿನ್ನ ಕೈಯಲ್ಲಿದ್ದದ್ದು ಎರಡನೆಯದು. ವೈನಿ ತಂದುಕೊಟ್ಟರಲ್ಲ ಎಂದು ನಿನಗೆ ನೆನಪಾಗಬಹುದು. ಯಾವುದು ಏನು ಎಂದು ಅವರಿಗೇನು ಗೊತ್ತು, ನಾನು ಮುಂದೆ ಇಟ್ಟದ್ದನ್ನು ತಂದರು. ಉಪಾಯ ಪೂರ್ತಿ ನನ್ನದು. ನಿನ್ನ ಬೆನ್ನ ಹಿಂದೆ ಮಂಚದ ಮೇಲೆ, ಶಾಲಿನೊಳಗೆ ಮೊದಲನೆಯದನ್ನು ಹಿಡಿದು ಕುಳಿತವನು ನಾನು.

ಅನುಮಾನ ಬರಬಾರದೆಂದು ಎರಡು ಸಲ ಬೇಕಂತಲೇ ಗೋಡೆಯಿಂದ ಬಿದ್ದೆ. ನಡುವೆ ನೀನು, ‘ನಾನು ಒತ್ತುವುದಕ್ಕಿಂತ ಮೊದಲೇ ಇವನು ಹಾರುತ್ತಾನಲ್ಲ’ ಅಂದೆ. ಹೊಸ ಟಿ.ವಿ.ಗಳು ಹಾಗೇ, ಹೊಂದಿಕೊಳ್ಳುತ್ತವೆ ಎಂದು ನಾನು ಹೇಳಿದೆ. ನೀನು ನಂಬಿದೆ. ನಾನು ಹೇಳಿದ ಎಲ್ಲವನ್ನೂ ಹೀಗೆ ವಾದವಿಲ್ಲದೆ ನಂಬಿದ್ದು ಆ ಒಂದೇ ದಿನ.

ಇನ್ನೊಂದು ಹೇಳಬೇಕು, ಇದು ಅದಕ್ಕಿಂತ ಕೆಟ್ಟದ್ದು. ಏಳನೇ ಬಾಗಿಲು ಹತ್ತುವಾಗ ನನಗೆ ನಿನ್ನ ನೆನಪೇ ಇರಲಿಲ್ಲ. ಹದಿನೈದು ವರ್ಷದ ಹುಡುಗನಾಗಿಬಿಟ್ಟಿದ್ದೆ. ಬಾಗಿಲು ತೆರೆದಾಗ ಯಾರೋ ಕೂಗಿದರಲ್ಲ, ನಿನ್ನ ಗೆಲುವಿಗೆ ಗೆಳೆಯ ಕೂಗಿದ ಎಂದು ನೀನು ಎಲ್ಲರ ಮುಂದೆ ಹೇಳಿಕೊಂಡೆಯಲ್ಲ, ಅದು ನನ್ನ ಗೆಲುವಿಗೆ ನಾನೇ ಕೂಗಿದ ಕೂಗು. ಆಮೇಲೆ ನೋಡಿದರೆ ನೀನು ನಿನ್ನ ಕೈಗಳನ್ನು ಮುಖದ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೆ.

ಡಿಸೆಂಬರಿನಲ್ಲಿ ಸವಣೂರಿಗೆ ನಿನ್ನನ್ನು ಕಾರಿನಲ್ಲಿ ಕರೆತಂದೆವು. ನಾನು ದಸ್ತಗೀರಸಾಬರ ಹಳೆಯ ಷಟರಿಗೆ ಕೈ ಹಚ್ಚಿ ಸಾಕ್ಷಿ ಹೇಳಿದೆ. ಕೋಟೆಯ ಆಟಕ್ಕೆ ಹದಿನಾಲ್ಕು ಕೈ ಎದ್ದವು, ಶಾಕೀರಾ ಟೀಚರೂ ಇಟ್ಟಿಗೆ ಬಿಟ್ಟು ನಿನ್ನ ಕಡೆ ಕೈ ಎತ್ತಿದರು. ನೀನು ಅತ್ತುಬಿಟ್ಟೆ. ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಬೇಕಾಗಿರಲಿಲ್ಲ, ನನ್ನ ಜೊತೆಗೇ ಆ ಸುಳ್ಳೂ ಹೋಗುತ್ತಿತ್ತು. ಆದರೆ ನೀನು ಆ ಗೆಲುವನ್ನು ಆಗ ತಿನ್ನುತ್ತಿದ್ದ ಅಜ್ಜನ ಪುಡಿಯ ಲೆಕ್ಕಕ್ಕೆ ಹಾಕಿದೆ. ಆಸ್ಪತ್ರೆಯ ಗುಳಿಗೆ ನಿಲ್ಲಿಸಿದೆ, ಕೈಗೆ ಹೇಳಿಕೊಟ್ಟಿದ್ದ ವ್ಯಾಯಾಮ ನಿಲ್ಲಿಸಿದೆ. ಸಂಕ್ರಾಂತಿಯ ಮರುದಿನ ಯಾರಿಗೂ ಹೇಳದೆ ಮೋಟರ್ ಸೈಕಲ್ ತೆಗೆದೆ. ಹಂಸಭಾವಿ ರಸ್ತೆಯ ತಿರುವಿನಲ್ಲಿ ಕ್ಲಚ್ಚು ಹಿಡಿಯಲು ಕೈ ಬರಲಿಲ್ಲ. ಸೊಂಟ ಮುರಿಯಿತು. ಅಂದು ಮಲಗಿದವನು ಎದ್ದಿಲ್ಲ.

ಆಸ್ಪತ್ರೆಗೆ ನೋಡಲು ಬಂದಾಗ ಹೇಳಬೇಕಿತ್ತು. ಸೊಂಟ ಮುರಿದವನ ಬೆನ್ನೂ ಮುರಿಯುವುದೇ ಎಂದು ಸಬೂಬು ಹೇಳಿಕೊಂಡೆ. ಹೆದರಿಕೆ ಅನ್ನುವುದೇ ಅದರ ನಿಜವಾದ ಹೆಸರು.

ನಿನ್ನೆ ಸವಣೂರಿಗೆ ಹೋಗಿ ದಸ್ತಗೀರಸಾಬರಿಗೆ ಎಲ್ಲ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಿದ್ದಕ್ಕೂ ಕ್ಷಮೆ ಇರಲಿ. ನಿನಗೆ ಹೇಳುವ ಧೈರ್ಯವನ್ನು ಅಲ್ಲಿ ಅಭ್ಯಾಸ ಮಾಡಿಕೊಂಡೆ ಎಂದು ತಿಳಿ. ಪಾಪ ಗೆಳೆಯನ ಸಲುವಾಗಿ ಮಾಡಿದ್ದೀ, ಹೋಗಲಿ ಬಿಡು ಅನ್ನುತ್ತಾರೆ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಹೇಳಿದ್ದು: “ಆಟ ಖೋಟಾ ಇದ್ರ ನಡೀತೈತಿ ತಮ್ಮಾ. ಸಾಕ್ಷಿ ಖೋಟಾ ಆದ್ರ ನಾವು ಕೂಡೂದರಾಗ ಏನ ಉಳೀತು?” ಆಮೇಲೆ ಕನ್ನಡಕ ಹಾಕಿಕೊಂಡು ಹೋದ ವರ್ಷದ ಪಟ್ಟಿ ತೆಗೆದು ಕೋಟೆಯ ಆಟದ ಮೇಲೆ ಗೆರೆ ಎಳೆದರು. ನನ್ನ ಹೆಸರಿನ ಮೇಲೂ ಎಳೆದರು. ಇನ್ನು ಮುಂದೆ ನನಗೆ ಅಲ್ಲಿ ಮಾತಿಲ್ಲ, ಕೈ ಎತ್ತುವ ಹಕ್ಕಿಲ್ಲ. ಅದು ಸರಿಯಾಗಿಯೇ ಇದೆ. ಆದರೆ ನನ್ನ ಜೊತೆ ನಿನ್ನ ಆಟವೂ ಹೋಯಿತು. ನಿನಗೆ ಉಳಿದಿದ್ದ ಅದೊಂದನ್ನೂ ನಾನೇ ಕಿತ್ತುಕೊಂಡ ಹಾಗಾಯಿತು.

ಈಗ ಕೇಳುವುದು ಒಂದೇ. ಆ ಕೈ ತಿರುಗಿ ಬಂದಿರಲಿಲ್ಲ, ಸುಭಾಸ. ಬಂದು ಹೋಗಿರಲೂ ಇಲ್ಲ. ಆ ಪುಡಿ ಒಂದು ದಿನವೂ ಏನೂ ಮಾಡಿಲ್ಲ. ಹುಬ್ಬಳ್ಳಿಗೆ ಹೋಗಿ ಆ ಯಂತ್ರ ಹಾಕಿಸಿಕೋ. ಹಾಕಿಕೊಂಡರೆ ವಾಸಿಯಾಗುತ್ತದೆ ಎಂದು ಹೇಳುವುದಿಲ್ಲ; ಅಂಥ ಮಾತು ಒಮ್ಮೆ ಆಡಿ ಕಂಡಿದ್ದೇನೆ. ಡಾಕ್ಟರನ್ನು ಕೇಳಿದೆ. ನಿದ್ದೆ ಬರುತ್ತದೆ, ಬೆಳಿಗ್ಗೆ ತಲೆ ನೋಯುವುದಿಲ್ಲ, ಉಸಿರಿಗೆ ಹೆದರಿ ಏಳುವುದು ತಪ್ಪುತ್ತದೆ, ಅಷ್ಟೇ ಎಂದರು. ಕಾರು ಗೊತ್ತು ಮಾಡಿದ್ದೇನೆ, ಶುಕ್ರವಾರ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬರುತ್ತದೆ. ನಾನು ಅದರಲ್ಲಿ ಇರುವುದಿಲ್ಲ. ನಿನಗೆ ನನ್ನ ಮುಖ ನೋಡುವ ಮನಸ್ಸಾಗಲಿಕ್ಕಿಲ್ಲ. ನನಗೂ ನಿನ್ನ ಕೈ ನೋಡುವ ಮುಖವಿಲ್ಲ.

ಉತ್ತರ ಬೇಡ. ಬರೆಯಲು ನಿನಗೆ ಆಗುವುದಿಲ್ಲ, ಬರೆಸಬೇಡ. ಕಾರು ಹತ್ತಿದೆ ಎಂದು ಗೊತ್ತಾದರೆ ಸಾಕು.

ಸುಳ್ಳು ಸಾಕ್ಷಿ ಹೇಳಿದ ನಿನ್ನ
ಶಂಭುಲಿಂಗ

ತಾ.ಕ. ವೈನಿ, ಇದು ಪತ್ರದ ಜೊತೆ ಇಟ್ಟ ಬೇರೆ ಚೀಟಿ, ಮೇಲೆ ‘ಮೊದಲು ಇದು’ ಎಂದು ಬರೆದಿಟ್ಟಿದ್ದೇನೆ. ಇದು ನಿಮಗೊಬ್ಬರಿಗೆ. ಓದಿ ಒಲೆಗೆ ಹಾಕಿರಿ. ದಸರೆಯ ಮರುದಿನ ನೀವು ಫೋನ್ ಮಾಡಿ ಅತ್ತದ್ದು, ಒಂದು ಸಲವಾದರೂ ಅವರು ಗೆದ್ದದ್ದನ್ನು ನೋಡಬೇಕು ಎಂದದ್ದು, ಮಗಳು ಸಣ್ಣವಳಿದ್ದಾಗ ಆಟಕ್ಕೆ ಹಟ ಮಾಡಿದರೆ ಎರಡನೇ ರಿಮೋಟು ಕೊಟ್ಟು ಸುಮ್ಮನಿರಿಸುತ್ತಿದ್ದೆವು, ಹಾಗೆ ಮಾಡಬಾರದೇ ಎಂದು ನನಗೆ ದಾರಿ ಹೇಳಿದ್ದು, ಪಾಡ್ಯದ ದಿನ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ಹಿಡಿಸಿದ್ದು, ಇದಾವುದನ್ನೂ ನಾನು ಬರೆದಿಲ್ಲ. ಅವನು ಕೇಳಿದರೆ ನಿಮಗೂ ಇವತ್ತೇ ಗೊತ್ತಾಯಿತು ಎಂದು ಹೇಳಿರಿ. ಓದುವಾಗ ಹಾಳೆಯಿಂದ ಕಣ್ಣು ಎತ್ತಬೇಡಿರಿ. ನಾನು ಇಲ್ಲದಿದ್ದರೂ ಅವನಿಗೆ ದಿನ ಹೋಗುತ್ತದೆ. ನಿಮ್ಮ ಮೇಲಿನ ನಂಬಿಕೆ ಹೋದರೆ ಅವನು ಯಾರ ಕೈಯ ತುತ್ತು ನುಂಗಬೇಕು? ಅವನು ನನ್ನನ್ನು ಬೈಯುವಾಗ ಸುಮ್ಮನೆ ಕೂರಬೇಡಿರಿ. ನೀವೂ ಬೈಯಿರಿ.