ಅಪ್ಪನ ಬಾಯಿಗೆ ನೀವು ಹಾಕಿದ ಬೀಗ

ಅಣ್ವಸ್ತ್ರದ ಗುಟ್ಟು ಕಾಯುವ ಮಾನ್ಯ ಅಧಿಕಾರಿಗಳೇ,

ನನ್ನ ಅಪ್ಪ ಉಸಿರಿಗಾಗಿ ಒದ್ದಾಡುತ್ತಿದ್ದಾರೆ. ಅವರ ಶ್ವಾಸಕೋಶ ಸೇರಿದ ಧೂಳು ಯಾವ ಲೋಹದ್ದೆಂದು ನಿಮಗೆ ಗೊತ್ತು, ಅವರಿಗೂ ಗೊತ್ತು. ಗೊತ್ತಿಲ್ಲದಿರುವುದು ಚಿಕಿತ್ಸೆ ಕೊಡಬೇಕಾದ ವೈದ್ಯೆಗೆ ಮಾತ್ರ. ನಿಮ್ಮನ್ನು ಕೇಳಿದರೆ, ಇಂಥ ಭೌತವಿಜ್ಞಾನಿ ನಮ್ಮಲ್ಲಿದ್ದರೆಂದು ದೃಢಪಡಿಸಲಾಗದು ಎಂದಿರಿ. ಹಾಗಾದರೆ ಅವರು ನಿವೃತ್ತರಾದಾಗ, ಯಾರಿಗೂ ತೋರಿಸಬಾರದೆಂಬ ಷರತ್ತಿನ ಮೇಲೆ ಪದಕ ಕೊಟ್ಟದ್ದು ಯಾರಿಗೆ? ಅಮ್ಮ ಅದನ್ನು ಸೂಜಿದಾರದ ಡಬ್ಬಿಯಲ್ಲಿಟ್ಟಿದ್ದಾಳೆ.

ಅಪ್ಪ ಬಟ್ಟೆ, ಚಪ್ಪಲಿ ಎಲ್ಲವನ್ನೂ ಕೆಲಸದಲ್ಲೇ ಬದಲಿಸಿ ಮನೆಗೆ ಬರುತ್ತಿದ್ದರು. ಎಷ್ಟು ಶುಚಿಯ ಮನುಷ್ಯ ಎಂದು ಅಮ್ಮನಿಗೆ ಹೆಮ್ಮೆ. ಪರೀಕ್ಷಾ ಸ್ಫೋಟದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಆಕೆ, "ಯಾರೋ ಮಹಾ ಬುದ್ಧಿವಂತರು ಕಣ್ರೀ" ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಇವತ್ತು ಉಪ್ಪು ಕಮ್ಮಿ" ಎಂದರು. ಆ ಬುದ್ಧಿವಂತರಲ್ಲಿ ಇವರೂ ಒಬ್ಬರೆಂದು ನಮಗೆ ತಿಳಿದದ್ದು ನಿಮ್ಮ ಪದಕದಿಂದಲೇ.

ಕಳೆದ ತಿಂಗಳು ವೈದ್ಯೆ ಕೇಳಿದರು: "ಯಜಮಾನ್ರೇ, ಎಲ್ಲಿ ಕುಡಿದ್ರಿ ಈ ಧೂಳು?"

"ಕಡೆಯೋ ಯಂತ್ರ, ಲೇತ್ ಅಂತಾರಲ್ಲ, ಅದರ ಪಕ್ಕ ನಿಂತು ಅಳತೆ ನೋಡ್ತಿದ್ದೆ ತಾಯಿ."

"ಏನನ್ನ ಕಡೀತಿದ್ರು?"

"ಅದಕ್ಕೆ ಅಪ್ಪಣೆ ಇಲ್ಲ. ಮೇಲಿನವರನ್ನ ಕೇಳಿ ಹೇಳ್ತೀನಿ."

"ನಿಮ್ಮ ಮೇಲಿನವರು ಬಂದು ಉಸಿರಾಡ್ತಾರೇನ್ರೀ!" ಎಂದು ಅಮ್ಮ ಗದರಿದಳು. ಅಪ್ಪ ಗೋಡೆಯತ್ತ ತಿರುಗಿ ಮಲಗಿದರು. ನಾನು ಅತ್ತೆ, ಬೈದೆ, ಕಾಲು ಹಿಡಿದೆ. ಕೊಟ್ಟ ಮಾತು ಕೊಟ್ಟದ್ದೇ.

ಶ್ವಾಸಕೋಶದ ಚೂರು ತೆಗೆದು ನೋಡಲು ಅರಿವಳಿಕೆ ಕೊಡುವ ದಿನ ಮಾತ್ರ ನಿಮ್ಮ ಕಚೇರಿಗೆ ಅಪ್ಪನ ನೆನಪಾಯಿತು. ಮಂಪರಿನಲ್ಲಿ ಏನಾದರೂ ಬಾಯಿಬಿಟ್ಟಾರೆಂದು ಒಬ್ಬರು ಬಂದು ಮಂಚದ ಪಕ್ಕ ಕುರ್ಚಿ ಹಾಕಿಕೊಂಡರು. ಅಮ್ಮ ಅವರಿಗೂ ಚಹಾ ಕೊಟ್ಟು, "ನೀವಾದ್ರೂ ಹೇಳಪ್ಪ" ಎಂದಳು. "ನಾನು ಬರೀ ಕೂತ್ಕೊಳ್ಳೋಕೆ ಬಂದಿರೋದಮ್ಮ" ಎಂದರು ಆ ಪುಣ್ಯಾತ್ಮರು. ನಿಮ್ಮವರೇ ಅಲ್ಲದ ಮನುಷ್ಯನಿಗೆ ಕಾವಲೇಕೆ ಸ್ವಾಮಿ? ಅಪ್ಪ ಮಂಪರಿನಲ್ಲೂ ತುಟಿ ಬಿಚ್ಚಲಿಲ್ಲ. ಚೂರು ನೋಡಿದ ವೈದ್ಯೆಗೂ ಲೋಹದ ಧೂಳು ಎಂಬುದರಾಚೆ ತಿಳಿಯಲಿಲ್ಲ. ಹೆಸರು ಸಿಕ್ಕರೆ ಔಷಧಿ ಬದಲಿಸಿ ನೋಡಬಹುದು, ಉಳಿದ ದಿನಗಳಾದರೂ ಸಲೀಸಾದಾವು ಎನ್ನುತ್ತಾರೆ.

ಬಾಂಬಿನ ನಕ್ಷೆ ನಮಗೆ ಬೇಡ. ಒಂದು ಲೋಹದ ಹೆಸರನ್ನು ವೈದ್ಯೆಯ ಕಿವಿಯಲ್ಲಿ ಹೇಳಿ. ಅದೂ ಆಗದಿದ್ದರೆ ಆ ಕುರ್ಚಿಯವರನ್ನೇ ಮತ್ತೊಮ್ಮೆ ಕಳಿಸಿ. ಅಪ್ಪನಿಗೆ "ಇನ್ನು ಹೇಳಬಹುದು" ಎನ್ನಲಿ. ನಮ್ಮ ಮಾತನ್ನು ಅವರು ನಂಬುವುದಿಲ್ಲ. ಬಾಗಿಲ ಸದ್ದಾದಾಗಲೆಲ್ಲ, "ಅಪ್ಪಣೆ ಬಂತಾ?" ಎಂದು ಕೇಳುತ್ತಾರೆ.

ಇಂತಿ,
ನಿಮ್ಮಲ್ಲಿ ಎಂದೂ ಕೆಲಸ ಮಾಡದ ವಿಜ್ಞಾನಿಯ ಮಗಳು
(ಕುರ್ಚಿ ಇನ್ನೂ ಮಂಚದ ಪಕ್ಕದಲ್ಲೇ ಇದೆ)