ಒಂದೂವರೆ ಅಡಿ ಮಣ್ಣು

ನೆಲಕ್ಕೆ ಕೆನ್ನೆಯಿಟ್ಟು ಇಳಿಜಾರು ನೋಡುತ್ತಿದ್ದ ನನ್ನ ಇರುವೆಗೆ,

ಹನ್ನೊಂದು ವರ್ಷಗಳ ನಂತರ ಈ ಅಡ್ಡಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಬೇರೆ ಹೆಸರಿನಿಂದ ಕರೆದರೆ ಇನ್ನಾರಿಗೋ ಬರೆದಂತಾಗುತ್ತದೆ, ಆದ್ದರಿಂದ ಕರೆಯುತ್ತಿದ್ದೇನೆ. ಆಸ್ಪತ್ರೆಯ ಅಂಗಳದ ಮಳೆಮರದ ಸಂಗತಿಯನ್ನು ನಿನಗೆ ತಿಳಿಸಬೇಕಾಗಿದೆ. ಅದಕ್ಕೂ ಮೊದಲು, ನಿನ್ನ ಬೆನ್ನ ಹಿಂದೆ ನಾನು ಆಡಿದ ಒಂದು ಮಾತನ್ನು ನನ್ನ ಬಾಯಿಂದಲೇ ನೀನು ಕೇಳಬೇಕು.

ನಾನೀಗ ಒಬ್ಬನೇ ಇದ್ದೇನೆ. ಕಚೇರಿ ಮುಚ್ಚಿ ನಾಲ್ಕು ವರ್ಷವಾಯಿತು. ಹದಿನಾಲ್ಕು ಮೇಜುಗಳಿದ್ದ ಆ ಉದ್ದನೆಯ ಹಜಾರದಿಂದ ಮನೆಗೆ ಬಂದದ್ದು ಒಂದು ಮೇಜು, ಒಂದು ದೀಪ, ಹಳೆಯ ನಕ್ಷೆಗಳ ನಲವತ್ತು ಸುರುಳಿ. ಮೂರನೆಯ ಮಹಡಿಯ ಈ ಮನೆಗೆ ಅಂಗಳವಿಲ್ಲ. ಕಿಟಕಿಯ ಬಳಿ ಒಂದೇ ಒಂದು ಕುಂಡವಿದೆ. ಅದರಲ್ಲಿ ಏನು ನೆಟ್ಟಿದ್ದೆನೆಂಬುದು ನನಗೇ ಮರೆತುಹೋಗಿದೆ. ಭಾನುವಾರಗಳಂದು ಅಕ್ಕ ಫೋನ್ ಮಾಡುತ್ತಾಳೆ. “ಊರಿಗೆಲ್ಲ ನೆರಳು ಮಾಡ್ದೆಯಲ್ಲೋ, ನಿನ್ನ ತಲೆ ಮೇಲೆ ಒಂದು ಎಲೆಯಾದ್ರೂ ಇದ್ಯಾ?” ಎಂದು ಚುಚ್ಚುತ್ತಾಳೆ. ನಾನು ನಗುತ್ತೇನೆ. ಫೋನ್ ಇಟ್ಟ ಮೇಲೆ, ಮುಂದಿನ ಭಾನುವಾರದವರೆಗೆ ನನ್ನ ಧ್ವನಿ ನನಗೇ ಕೇಳಿಸುವುದು ಅಪರೂಪ.

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂಬ ಪದ ನಮ್ಮಮ್ಮನ ನಾಲಿಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ನೆಂಟರು ಕೇಳಿದರೆ, “ನಮ್ಮವನು ತೋಟದ ಇಂಜಿನಿಯರು” ಎಂದುಬಿಡುತ್ತಿದ್ದಳು. ಒಂದು ಲೆಕ್ಕಕ್ಕೆ ಅವಳು ನನ್ನ ಮೊದಲ ಯಜಮಾನರಿಗಿಂತ ಹೆಚ್ಚಿನ ಗೌರವವನ್ನೇ ಕೊಟ್ಟಳು. ಅವರ ಪ್ರಕಾರ, ಕಟ್ಟಡವನ್ನು ಬರೆದು ಮುಗಿಸಿದ ಮೇಲೆ ಕಾಗದದಲ್ಲಿ ಉಳಿದ ಖಾಲಿ ಜಾಗಕ್ಕೆ ಹಸಿರು ಪೆನ್ಸಿಲ್ ತಿಕ್ಕುವುದೇ ನನ್ನ ಉದ್ಯೋಗ. ಮೊದಲು ನೆಲವನ್ನು ಓದಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ತಿಳಿದು, ಆಮೇಲೆ ಗೋಡೆಯನ್ನು ಎಲ್ಲಿ ಎಬ್ಬಿಸಬೇಕೆಂದು ಯೋಚಿಸಿ ಎಂದು ಹೇಳಿ ಹೇಳಿ ಇಪ್ಪತ್ತು ವರ್ಷ ಗಂಟಲು ಒಣಗಿಸಿಕೊಂಡೆ. ಕಟ್ಟಡ ಉದ್ಘಾಟನೆಯ ದಿನವೇ ಅತಿ ಚೆಂದ ಕಾಣುತ್ತದೆ. ನಮ್ಮ ಕೆಲಸ ಆ ದಿನ ಅತಿ ಕುರೂಪ: ಗೂಟಕ್ಕೆ ಕಟ್ಟಿದ ಕಡ್ಡಿಗಳು, ಅಷ್ಟೇ. ಕಡ್ಡಿ ಮರವಾಗಿ ಅದರಡಿ ಯಾರೋ ಟವೆಲು ಹಾಸಿ ಮಲಗುವ ಹೊತ್ತಿಗೆ, ನೆಟ್ಟವರು ಯಾರೆಂದು ಕೇಳುವವರೂ ಇರುವುದಿಲ್ಲ. ಕಳೆದ ತಿಂಗಳು ನಾನೇ ಮಾಡಿದ ಕೆರೆಯಂಚಿನ ಉದ್ಯಾನಕ್ಕೆ ಹೋಗಿ, ಮೊಣಕಾಲು ನೋಯುತ್ತಿದ್ದರಿಂದ ಹುಲ್ಲಿನ ಮೇಲೆ ಕುಳಿತೆ. ಕಾವಲುಗಾರ ಸೀಟಿ ಊದಿಕೊಂಡು ಬಂದ. “ಯಜಮಾನ್ರೇ, ಬೋರ್ಡು ಕಾಣ್ಸಲ್ವಾ? ಏಳಿ ಏಳಿ!” ಆ ಬೋರ್ಡನ್ನು ಹಾಕಿಸಿದವನು ನಾನೇ. ಎದ್ದು ಬಂದೆ. ನೀನಿದ್ದಿದ್ದರೆ ಒಂದು ವಾರ ಅದನ್ನೇ ಹೇಳಿ ನಗಿಸುತ್ತಿದ್ದೆ.

ವಾರಕ್ಕೆ ಎರಡು ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ನೀನು ಸಿಕ್ಕೆ. ಉಳಿದ ಹುಡುಗ ಹುಡುಗಿಯರು ಆಟದ ಮೈದಾನದ ಮಟ್ಟವನ್ನು ಉಪಕರಣದಿಂದ ಅಳೆಯುತ್ತಿದ್ದರೆ, ನೀನೊಬ್ಬಳು ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ನೆಲವನ್ನು ದಿಟ್ಟಿಸುತ್ತಿದ್ದೆ. “ಏನಮ್ಮಾ, ನಿದ್ದೆ ಬಂತಾ?” ಎಂದೆ. “ಇಲ್ಲ ಸರ್, ಇರುವೆಗೆ ಹೇಗೆ ಕಾಣ್ಸುತ್ತೋ ನೋಡ್ತಿದೀನಿ. ಗುಡ್ಡ ಇದೆ ಸರ್ ಇಲ್ಲಿ!” ಎಂದೆ ನೀನು, ಕೆನ್ನೆಯ ಮಣ್ಣನ್ನು ಒರೆಸಿಕೊಳ್ಳದೆ. ಆ ದಿನವೇ ನಿನ್ನನ್ನು ನನ್ನ ಕಚೇರಿಗೆ ಕರೆದುಕೊಳ್ಳಬೇಕೆಂದು ನಿಶ್ಚಯಿಸಿದ್ದೆ. ನನಗೆ ಮಕ್ಕಳಿಲ್ಲ. ನನ್ನ ಹತ್ತಿರ ಕಲಿಯಲು ಬಂದವರನ್ನೆಲ್ಲ ಮಕ್ಕಳೆಂದುಕೊಂಡು ಬಾಳಿದೆ. ಮಕ್ಕಳ ಮಾತಿಗೆ ಕಿವಿಗೊಡದ ತಂದೆಯ ಹಾಗೆಯೇ ಬಾಳಿದೆನೆಂಬುದು ಈಗ ಹೊಳೆಯುತ್ತಿದೆ.

ಆಸ್ಪತ್ರೆಯ ಅಂಗಳದ ಕೆಲಸ ನಮಗೆ ಬಂದಾಗ ಆ ಮಳೆಮರಕ್ಕೆ ಅರವತ್ತು ವರ್ಷವಾದರೂ ಆಗಿದ್ದಿರಬೇಕು. ಒಳಗೆ ಮಲಗಿದವರ ಸುದ್ದಿಗಾಗಿ ಕಾಯುವವರೆಲ್ಲ ಅದರಡಿಯಲ್ಲೇ ಕೂರುತ್ತಿದ್ದರು. ಅಂಗಳದ ಉಳಿದ ಭಾಗಕ್ಕಿಂತ ಮರದ ಬುಡ ತಗ್ಗಿನಲ್ಲಿತ್ತು. ನೀನು ಮೂರು ವಾರ ಕುಳಿತು, ಬುಡದ ನೆಲವನ್ನು ಮುಟ್ಟದೆ, ಸುತ್ತಲೂ ಬಟ್ಟಲಿನಂತೆ ಇಳಿಯುವ ಮೂರು ಸುತ್ತಿನ ಕಲ್ಲುಕಟ್ಟೆ ಬರೆದೆ. ಕಾಯುವವರಿಗೆ ಕೂರಲು ಜಾಗ, ಬೇರಿಗೆ ಗಾಳಿ, ಮಳೆನೀರಿಗೆ ಮೂಲೆಯಲ್ಲೊಂದು ದಾರಿ. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ: ಗೇಟಿನಿಂದ ಬಾಗಿಲಿನವರೆಗೆ ಸುಕ್ಕಿಲ್ಲದೆ ಹಾಸಿದ ಒಂದೇ ಹಸಿರು. ಅದಕ್ಕೆ ತಗ್ಗು ಮುಚ್ಚಬೇಕಿತ್ತು, ಒಂದೂವರೆ ಅಡಿ ಮಣ್ಣು. ನಿನ್ನ ಕಟ್ಟೆಯನ್ನು ನಾನೇ ರಬ್ಬರ್ ಹಿಡಿದು ಅಳಿಸಿದೆ.

“ಸರ್, ಅದರ ಉಸಿರಾಟದ ಬೇರೆಲ್ಲ ಮೇಲಿನ ಒಂದಡಿಯಲ್ಲೇ ಇರುತ್ತೆ. ಮಣ್ಣು ಮುಚ್ಚಿದ್ರೆ ಉಸಿರು ಕಟ್ಟಿ ಸಾಯುತ್ತೆ. ನೀವೇ ಪಾಠ ಮಾಡಿದ್ದಲ್ವಾ?” ಎಂದೆ ನೀನು. ನಿಜ, ನಾನೇ ಪಾಠ ಮಾಡಿದ್ದೆ. ಆದರೆ ಹದಿಮೂರು ಜನರ ಎದುರಿಗೆ ನನ್ನ ಪಾಠವನ್ನು ನನಗೇ ಒಪ್ಪಿಸುವ ಹುಡುಗಿಯನ್ನು ನಾನು ಸಹಿಸಲಿಲ್ಲ. “ಮರಕ್ಕಿಲ್ಲದ ಉಬ್ಬಸ ನಿನಗ್ಯಾಕಮ್ಮಾ?” ಎಂದೆ. ಎಲ್ಲರೂ ನಕ್ಕರು. ನಾನು ಬಯಸಿದ್ದೂ ಅದನ್ನೇ. ನೀನು ತಲೆ ತಗ್ಗಿಸಿ ನಾನು ಹೇಳಿದ ಮಟ್ಟಗಳನ್ನೇ ಬರೆದೆ. ನಕ್ಷೆಯ ಮೂಲೆಯಲ್ಲಿ ‘ಬರೆದವರು’ ಎಂಬಲ್ಲಿ ನಿನ್ನ ಹೆಸರು, ‘ಒಪ್ಪಿದವರು’ ಎಂಬಲ್ಲಿ ನನ್ನ ಸಹಿ.

ಆ ಅಂಗಳದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಪ್ರಶಸ್ತಿ ಬಂತು. ಆರು ತಿಂಗಳಿಗೆ ನೀನು ಕೆಲಸ ಬಿಟ್ಟೆ. ಹೋಗುವ ದಿನ ನಿನ್ನ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲುಗಳನ್ನೆಲ್ಲ ಹೆರೆದಿಟ್ಟು, “ಬರ್ತೀನಿ ಸರ್” ಎಂದೆ. “ಹೂಂ” ಎಂದೆ ನಾನು, ನಕ್ಷೆಯಿಂದ ತಲೆಯೆತ್ತದೆ. ಆ ನಕ್ಷೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನಾಲ್ಕನೆಯ ವರ್ಷ ಮರದ ಒಂದು ದೊಡ್ಡ ಕೊಂಬೆ ಒಣಗಿತು. ಆಸ್ಪತ್ರೆಯ ಇಂಜಿನಿಯರ್ ಫೋನ್ ಮಾಡಿ, “ಮಣ್ಣು ಜಾಸ್ತಿ ಬಿತ್ತು ಅಂತ ಯಾರೋ ಹೇಳ್ತಿದಾರೆ, ಹೌದಾ ಸರ್?” ಎಂದು ಕೇಳಿದರು. ಇರುವೆ, ನಾನು ಸುಳ್ಳು ಹೇಳಲಿಲ್ಲ. ಅದಕ್ಕಿಂತ ಕೀಳಾದದ್ದನ್ನು ಮಾಡಿದೆ. “ಆ ನಕ್ಷೆ ಬರೆದ ಹುಡುಗಿ ಆಗಿನ್ನೂ ಹೊಸಬಳು” ಎಂದೆ. ಒಂದೊಂದು ಪದವೂ ಸತ್ಯ. ಅವರು “ಓಹೋ” ಎಂದರು. ಎಲುಬಿಲ್ಲದ ನಾಲಿಗೆ ಅಷ್ಟಕ್ಕೇ ಸುಮ್ಮನಾಯಿತು, ನಾನು ಕೈ ತೊಳೆದುಕೊಂಡೆ.

ಎರಡು ಸೋಮವಾರಗಳ ಹಿಂದೆ ಅವರೇ ನನ್ನನ್ನು ಆಸ್ಪತ್ರೆಗೆ ಕರೆಸಿದರು. ಮರ ಈಗ ಸೀಳಿ ನಿಲ್ಲಿಸಿದಂತಿದೆ: ಗೇಟಿನ ಕಡೆಯ ಅರ್ಧ ಪೂರ್ತಿ ಒಣಗಿ ಬೂದಿಬಣ್ಣವಾಗಿದೆ, ವಾರ್ಡುಗಳ ಕಡೆಯ ಅರ್ಧ ಮಾತ್ರ ಹಸಿರಾಗಿದೆ. ಕಡಿದು ಕಾರು ನಿಲ್ಲಿಸಲು ಜಾಗ ಮಾಡುವ ಯೋಜನೆ. ಕಡಿಯಲು ವಿನ್ಯಾಸಕಾರರ ಅಭಿಪ್ರಾಯ ಬೇಕು. ‘ಕಾರಣ: ವಯಸ್ಸು ಮತ್ತು ರೋಗ’ ಎಂದು ಅವರೇ ತುಂಬಿಸಿಟ್ಟು ಪೆನ್ನು ಮುಂದೆ ಮಾಡಿದರು. ಹೇಳಲು ನಾಚಿಕೆಯಾಗುತ್ತದೆ, ನಾನು ಪೆನ್ನು ತೆಗೆದುಕೊಂಡೆ. ಅಷ್ಟರಲ್ಲಿ ಅವರು, ನನ್ನನ್ನು ಸಂತೋಷಪಡಿಸಲೆಂದೇ, ಮುಂದೆ ಬಾಗಿ ಹೇಳಿದರು: “ನಿಮ್ಮ ಆ ಹುಡುಗಿ ಇದ್ಲಲ್ಲ ಸರ್, ಆ ಕೊಂಬೆ ಒಣಗಿದ ಮರುವರ್ಷ ಉದ್ಯಾನ ಇಲಾಖೆ ಕೆಲಸಕ್ಕೆ ಅರ್ಜಿ ಹಾಕಿದ್ಲು. ಸಂದರ್ಶನಕ್ಕೆ ಹೊರಗಿನ ತಜ್ಞ ಅಂತ ನನ್ನನ್ನೂ ಕೂರಿಸಿದ್ರು. ಮರ ಹೂತುಹಾಕಿದವಳು ಅಂತ ಗೊತ್ತಿದ್ದೂ ತಗೊಳ್ತೀವಾ? ಎರಡನೇ ಸಲ ಬಂದಾಗ್ಲೂ ವಾಪಸ್ ಕಳಿಸಿದ್ವಿ.”

ನೀನು ಅಲ್ಲಿ ಏನನ್ನೂ ಹೇಳಲಿಲ್ಲವಂತೆ. ನನ್ನ ಹೆಸರನ್ನು ಎತ್ತಲಿಲ್ಲವಂತೆ. “ಬಾಯೇ ಬಿಡ್ಲಿಲ್ಲ ಸರ್, ತಪ್ಪಿತಸ್ಥರು ಹಾಗೇನೇ” ಎಂದರು.

ನಾನು ‘ವಯಸ್ಸು ಮತ್ತು ರೋಗ’ ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದೆ: ‘ಬುಡದ ಮೇಲೆ ಒಂದೂವರೆ ಅಡಿ ಮಣ್ಣು ತುಂಬಿದ್ದರಿಂದ ಬೇರುಗಳಿಗೆ ಉಸಿರು ಕಟ್ಟಿದೆ. ನಕ್ಷೆ ಬರೆದವರು ಇದನ್ನು ಮುಂಚಿತವಾಗಿ ಎಚ್ಚರಿಸಿ, ಬೇರೆ ವಿನ್ಯಾಸವನ್ನೂ ಕೊಟ್ಟಿದ್ದರು. ಅದನ್ನು ಅಳಿಸಿ ಮಣ್ಣು ತುಂಬಿಸಿದವನು ನಾನು. ಕೊಂಬೆ ಒಣಗಿದಾಗ ದೋಷ ಅವರದೆಂಬಂತೆ ಮಾತನಾಡಿದವನೂ ನಾನು. ಮಣ್ಣನ್ನು ಕೈಯಿಂದ ತೆಗೆಸಿ ಒಂದು ಮಳೆಗಾಲ ಕಾಯಬೇಕು. ಅಲ್ಲಿಯವರೆಗೆ ಕಡಿಯಲು ನನ್ನ ಒಪ್ಪಿಗೆಯಿಲ್ಲ.’ ಇಂಜಿನಿಯರ್ ಮುಖ ಸಣ್ಣದಾಯಿತು. “ಈ ವಯಸ್ಸಲ್ಲಿ ಇಲ್ಲದ ಉಸಾಬರಿ ಯಾಕೆ ಸರ್? ಪ್ರಶಸ್ತಿ ವಾಪಸ್ ಕೊಡಿ ಅಂತಾರೆ” ಎಂದರು. ಹಾಗೆಯೇ ಆಯಿತು; ಮರಳಿ ಕಳುಹಿಸಿದ್ದೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಅರವತ್ತೊಂಬತ್ತರಲ್ಲಿ ಬಗ್ಗಿದೆ, ಮೈಯೆಲ್ಲ ಲಟಕ್ಕೆಂದಿತು.

ಮಣ್ಣು ತೆಗೆಯುವಾಗ ನಾನೂ ಕುಳಿತಿದ್ದೆ. ಗುದ್ದಲಿ ಬೇಡ, ಬೇರಿಗೆ ಪೆಟ್ಟಾಗುತ್ತದೆಂದು ಆಸ್ಪತ್ರೆಯ ಮಾಲಿಯೂ ಅವನ ತಮ್ಮನೂ ಸಣ್ಣ ಕರಣೆಯಲ್ಲಿ ಕೆರೆಯುತ್ತಿದ್ದರು. ಗೇಟಿನ ಕಡೆ ಕೊಳೆತ ಹುಳಿವಾಸನೆ, ಕಪ್ಪು ಮಣ್ಣು, ಕೈ ಹಾಕಿದರೆ ಪುಡಿಯಾಗುವ ಬೇರು. ಎರಡನೆಯ ದಿನ ವಾರ್ಡುಗಳ ಕಡೆ ಕರಣೆ ‘ಟಣ್’ ಎಂದಿತು. ಬಾಗಿ ನೋಡಿದೆ. ತೂತು ಕೊರೆದ ಒಂದು ಪೈಪು, ಸುತ್ತಲೂ ಜಲ್ಲಿ, ಮಣ್ಣು ಒಳಗಿಳಿಯದಂತೆ ಬಾಯಿಗೆ ಬಲೆ. ಒಂದು ಮಾರು ಆಚೆ ಇನ್ನೊಂದು. ಮತ್ತೊಂದು. ಒಟ್ಟು ಒಂಬತ್ತು, ಬುಡವನ್ನು ಅರ್ಧಚಂದ್ರದಂತೆ ಸುತ್ತಿ ನಿಂತಿದ್ದವು. ಹುಲ್ಲಿನ ಕೆಳಗೆ, ಯಾರ ಕಣ್ಣಿಗೂ ಬೀಳದೆ, ಬೇರಿಗೆ ಗಾಳಿ ಮುಟ್ಟಿಸುತ್ತ. ನನ್ನ ಯಾವ ನಕ್ಷೆಯಲ್ಲೂ ಆ ಪೈಪುಗಳಿರಲಿಲ್ಲ.

ಮಾಲಿ ತಲೆ ಕೆರೆದುಕೊಂಡ. “ಅಕ್ಕಾವ್ರು ಹೇಳ್ಬೇಡ ಅಂದಿದ್ರು ಸಾರ್. ಲಾರಿ ಬರೋ ಹಿಂದಿನ ದಿನ ಪೂರ್ತಿ ಅವ್ರೂ ನಾನೂ ಕೂತು ನೆಟ್ವಿ. ಇನ್ನರ್ಧ ನಾಳೆ ಹಾಕೋಣ ಅಂದ್ರು. ಬೆಳಿಗ್ಗೆ ನೋಡಿದ್ರೆ ಲಾರಿ ಬೇಗ ಬಂದು ಸುರಿದುಬಿಟ್ಟಿತ್ತು. ಅಕ್ಕಾವ್ರು ಗೇಟ್ ಹತ್ರ ನಿಂತು ಅತ್ತುಬಿಟ್ರು ಸಾರ್.” ಲಾರಿಯನ್ನು ಬೇಗ ಕಳುಹಿಸಿ ಎಂದು ಫೋನ್ ಮಾಡಿದವನು ನಾನೇ, ಇರುವೆ. ಹನ್ನೊಂದು ವರ್ಷ ಹಸಿರಾಗಿ ಉಳಿದ ಅರ್ಧ ನಿನ್ನದು, ಒಣಗಿದ ಅರ್ಧ ನನ್ನದು. ಗುರುವಿಗೂ ಶಿಷ್ಯಳಿಗೂ ಇಷ್ಟು ಸ್ಪಷ್ಟವಾದ ಅಂಕಪಟ್ಟಿ ಎಲ್ಲೂ ಸಿಗಲಾರದು.

ವರ್ಷಕ್ಕೊಮ್ಮೆ ಮಾಲಿಗೆ ಫೋನ್ ಮಾಡಿ ಮರ ಹೇಗಿದೆಯೆಂದು ಕೇಳುತ್ತೀಯಂತೆ. ನೀನೀಗ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೀಯೆಂದು ಹೇಳಿ ವಿಳಾಸ ಕೊಟ್ಟವನೂ ಅವನೇ. “ನನ್ನ ಬಗ್ಗೆ ಏನಾದ್ರೂ ಕೇಳ್ತಾಳಾ?” ಎಂದೆ. ಅವನು ಕರಣೆಗೆ ಅಂಟಿದ ಮಣ್ಣನ್ನು ಬಹಳ ಹೊತ್ತು ಕೆರೆಯುತ್ತ ಕುಳಿತ.

ಆಸ್ಪತ್ರೆಯವರು ಒಂದು ಮಳೆಗಾಲ ಕಾಯಲು ಒಪ್ಪಿದ್ದಾರೆ. ಒಣಗಿದ ಕೊಂಬೆಗಳನ್ನು ಹಂತಹಂತವಾಗಿ ಇಳಿಸಬೇಕು, ಬುಡದಲ್ಲಿ ನೀರು ನಿಲ್ಲದಂತೆ ಕಟ್ಟೆ ಕಟ್ಟಬೇಕು. ಉಸ್ತುವಾರಿಗೆ ಒಬ್ಬ ವಿನ್ಯಾಸಕಾರರು ಬೇಕು. ನನ್ನನ್ನು ಸಹಜವಾಗಿಯೇ ಕೈಬಿಟ್ಟಿದ್ದಾರೆ. ನಾನು ನಿನ್ನ ಹೆಸರನ್ನು ಬರೆದುಕೊಟ್ಟೆ, ನಿನ್ನನ್ನು ಕೇಳದೆ. ಹಳೆಯ ದುರಭ್ಯಾಸ, ಕ್ಷಮಿಸು. ಇಂಜಿನಿಯರ್ ನನ್ನ ಹೇಳಿಕೆಯನ್ನು ಎರಡು ಸಲ ಓದಿ, “ಬರ್ತಾರಾ ಅವ್ರು?” ಎಂದು ಕೇಳಿದರು. ಹಿಂದೆ ‘ಹಾಕಿದ್ಲು’ ಎಂದಿದ್ದವರು ಈಗ ‘ಬರ್ತಾರಾ’ ಎಂದರು. ಉದ್ಯಾನ ಇಲಾಖೆಗೂ ಹೇಳಿಕೆಯ ಪ್ರತಿ ಕಳುಹಿಸಿದ್ದೇನೆ, ಮುದ್ರೆ ಬಿದ್ದ ಒಂದು ಪ್ರತಿ ಇದರೊಂದಿಗಿದೆ. ಅದು ನಿನ್ನದು. ಯಾರಿಗೆ ಬೇಕಾದರೂ ತೋರಿಸು.

ನೀನು ಬರಲೇಬೇಕೆಂದು ಹೇಳುವ ಬಾಯಿ ನನಗಿಲ್ಲ. ಶಾಲೆಯ ಮಕ್ಕಳ ನಡುವೆ ನೀನು ನೆಮ್ಮದಿಯಾಗಿದ್ದರೆ ಅಲ್ಲೇ ಇರು. ಮರವನ್ನು ಬೇರೆ ಯಾರಾದರೂ ನೋಡಿಕೊಂಡಾರು, ನಿನ್ನಷ್ಟು ಚೆನ್ನಾಗಿ ಅಲ್ಲದಿದ್ದರೂ. ಬರುವೆಯಾದರೆ ನಾನು ಅಂಗಳದಲ್ಲಿರುವುದಿಲ್ಲ. ನಿನ್ನ ಕೆಲಸದ ಜಾಗದಲ್ಲಿ ನನ್ನ ನೆರಳು ಬೀಳಬಾರದು. ಮಾತನಾಡಬೇಕೆನಿಸಿದರೆ ಮಾತ್ರ ಮಾಲಿಗೆ ಹೇಳು. ಅವನು ನನ್ನ ಮನೆ ನೋಡಿದ್ದಾನೆ.

ನಿನ್ನ ಕೈಯಡಿಯಲ್ಲಿ ಮುಂದೆ ಯಾರೋ ಒಬ್ಬಳು ಕೆಲಸ ಕಲಿಯಲು ಬರುತ್ತಾಳೆ. ಹತ್ತು ಜನರ ಎದುರಿಗೆ ಎದ್ದು ನಿಂತು, ‘ನೀವು ಮಾಡುತ್ತಿರುವುದು ತಪ್ಪು’ ಎನ್ನುತ್ತಾಳೆ. ಆ ಗಳಿಗೆಯಲ್ಲಿ ಪೆನ್ಸಿಲು ಕೆಳಗಿಟ್ಟು, “ಬಾ, ಕೂತ್ಕೋ, ಹೇಳು” ಎನ್ನುವ ಮನಸ್ಸು ನಿನಗಿರಲಿ. ಅಂಥ ಹಿರಿಯರು ನಿನಗೆ ಸಿಗಲಿಲ್ಲ. ನೀನು ಅಂಥ ಹಿರಿಯಳಾಗು. ನೂರು ಕಾಲ ಬಾಳು.

ಇಂತು,
ನಿನ್ನಿಂದ ತಡವಾಗಿ ಕಲಿತ
ನಿನ್ನ ಮೇಷ್ಟ್ರು