ಬೀಜಕ್ಕೆ ಬಿಟ್ಟ ಸೋರೆಕಾಯಿ

ಅಕ್ಟೋಬರ್ 8, ಬೆಳಗ್ಗೆ 6.30
ಹಾಲು ಕಾಯಲಿಟ್ಟು ಚಪ್ಪರ ನೋಡಿ ಬಂದೆ. ಇವತ್ತಿಗೆ ಆರನೆಯ ದಿನ. ಪಕ್ಕದ ಮನೆ ನಿಂಗಯ್ಯನವರು ಹರ್ನಿಯಾ ಆಪರೇಷನ್ನಿಗೆ ಹೋಗುವಾಗ ಗೇಟಿನ ಬೀಗದ ಕೈ ಕೊಟ್ಟು ಒಪ್ಪಿಸಿದ ಕೆಲಸ. ಆಪರೇಷನ್ ಆಗಿ ಕೆಸರೆ ಬಡಾವಣೆಯಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದಾರೆ. ಚಿಕ್ಕವಳು ವರ್ಷಿಣಿಯೂ ಅಲ್ಲೇ. ಅಲ್ಲಿಂದಲೇ ಹೆಬ್ಬಾಳದ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿಬರುತ್ತಾಳೆ.

ಸೋರೆಕಾಯಿ ನನ್ನ ತೋಳಿಗಿಂತ ಉದ್ದ. ಹಳೇ ಸೀರೆ ಹರಿದು ಜೋಲಿ ಕಟ್ಟಿದ್ದಾರೆ, ಮಗು ಮಲಗಿಸಿದ ಹಾಗೆ. ಕಾಯಿ ದಪ್ಪವಾದಂತೆ ಜೋಲಿ ಸಡಿಲಿಸಬೇಕು, ಗಂಟು ನೋಡುತ್ತಿರಬೇಕು. ಅಡುಗೆಗಲ್ಲ, ಬೀಜಕ್ಕೆ. ತೀರಿಹೋದ ಹೆಂಡತಿ ಚಾಮುಂಡಮ್ಮ ವರ್ಷ ವರ್ಷ ಎತ್ತಿಡುತ್ತಿದ್ದ ಬೀಜ. ಉಳಿದದ್ದಕ್ಕೆಲ್ಲ ಹುಳ ಬಿದ್ದು ಈ ಸಲ ಮೊಳೆತದ್ದು ಒಂದೇ.

ಅಕ್ಟೋಬರ್ 11
ಸಂಜೆ ಜೋರು ಮಳೆ. ಜೋಲಿ ನೆನೆದು ಜಗ್ಗಿದೆ. ಒಂದು ಕಡೆ ಗಂಟು ಜಾರುತ್ತಿರುವುದು ಕಂಡಿತು. ಸ್ಟೂಲ್ ತರಬೇಕು, ಅಂಗಳವೆಲ್ಲ ಕೆಸರು, ಟೆಸ್ಟ್ ಪೇಪರ್ ಬೇರೆ ತಿದ್ದಬೇಕು... ಬೆಳಗ್ಗೆ ಕಟ್ಟಿದರಾಯಿತು.

ಅಕ್ಟೋಬರ್ 12
ಬಿದ್ದಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಎರಡು ಹೋಳು. ಬೀಜ ಇನ್ನೂ ಬಲಿತಿಲ್ಲ, ಬೆಳ್ಳಗೆ, ಮೆತ್ತಗೆ — ಉಗುರಿನಲ್ಲಿ ಒತ್ತಿದರೆ ನೀರು.

ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ. ಯಾರಾದರೂ ನೋಡಿದರೋ ಎಂದು ಅತ್ತಿತ್ತ ನೋಡಿದೆ. ಜೋಲಿ ತಂದು ಒಗೆದು ಒಣಹಾಕಿದೆ. ಯಾಕೆ ಒಗೆದೆ?

ಅಕ್ಟೋಬರ್ 16
ನಿಂಗಯ್ಯನವರು ಬಂದರು. ಆಟೋ ಇಳಿದವರು ಮನೆಯೊಳಗೆ ಹೋಗಲಿಲ್ಲ, ನೇರ ಚಪ್ಪರಕ್ಕೆ. ನಾನು ಕಾಂಪೌಂಡಿನ ಈಚೆ. ಅವರು ಕೇಳುವ ಮೊದಲೇ ಬಾಯಿಂದ ಬಂತು — "ಕೋತಿ ಬಂದಿತ್ತು ನಿಂಗಯ್ಯನವರೇ."

ಬಳ್ಳಿ ಸವರಿದರು. ಆಮೇಲೆ ನನಗೇ ಸಮಾಧಾನ ಹೇಳಿದರು. "ಕೋತಿಗೇನ್ ಗೊತ್ತಾಯ್ತದೆ ಬುಡಿ ಟೀಚರಮ್ಮ. ನೀವ್ ನೊಂದ್ಕೋಬ್ಯಾಡಿ."

ನಮ್ಮವರಿಗೆ ನಡೆದದ್ದು ಹೇಳಿದೆ. ಒಂದು ಸೋರೆಕಾಯಿ ತಾನೇ, ಅದನ್ನೇ ಹಿಡಿದುಕೊಂಡು ಕೂರಬೇಡ ಎಂದರು.

ಅಕ್ಟೋಬರ್ 23
ಒಂದು ವಾರ ಬರೆದಿಲ್ಲ. ಆ ಕಡೆಯ ಬಾಗಿಲು ತೆಗೆದೂ ಇಲ್ಲ.

ಇವತ್ತು ವರ್ಷಿಣಿ ಎದುರು ಸಿಕ್ಕಳು. ಬಳ್ಳಿಯ ತುದಿಯಲ್ಲಿ ಬೆರಳುದ್ದದ ಒಂದು ಪೀಚುಕಾಯಿ ಇದೆಯಂತೆ. ಅದನ್ನಾದರೂ ಕೋತಿ ಮುಟ್ಟದಿರಲಿ ಎಂದು ಅಪ್ಪ ಬಲೆ ತರಿಸಿದ್ದಾರಂತೆ. ಹತ್ತಬಾರದು, ಭಾರ ಎತ್ತಬಾರದು ಎಂದಿದ್ದಾರೆ ಡಾಕ್ಟರು. ಕೇಳುವುದಿಲ್ಲ, ನೀವಾದರೂ ಹೇಳಿ ಆಂಟಿ ಎಂದಳು.

ಹ್ಞೂಂ ಎಂದೆ. ಹೋಗಲಿಲ್ಲ.

ಅಕ್ಟೋಬರ್ 25, ಸಂಜೆ
ಸ್ಕೂಲಿನಿಂದ ಬಂದಾಗ ನಿಂಗಯ್ಯನವರು ಚಪ್ಪರದ ಕೆಳಗೆ ಸ್ಟೂಲಿನ ಮೇಲೆ ನಿಂತಿದ್ದರು. ಒಂದು ಕೈ ಹೊಟ್ಟೆಯ ಹೊಲಿಗೆಯ ಮೇಲೆ, ಇನ್ನೊಂದರಲ್ಲಿ ಬಲೆ. ಇಳಿಯಿರಿ ಎಂದೆ. ಒಂದು ಗಂಟು ಹಾಕಿ ಇಳಿಯುತ್ತೇನೆ ಎಂದರು. ಬ್ಯಾಗ್ ಕೆಳಗಿಟ್ಟು ಸ್ಟೂಲ್ ಹಿಡಿದುಕೊಂಡೆ. ಹೊಲಿಗೆಯ ಮೇಲಿದ್ದ ಕೈಯನ್ನೂ ತೆಗೆದು ಬಲೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿದರು.

"ಕೋತಿ ಬಂದಿರಲಿಲ್ಲ," ಎಂದೆ.

ಎಲ್ಲ ಹೇಳಿದೆ. ಗಂಟು ಜಾರಿದ್ದು ಕಂಡದ್ದು, ಕಂಡೂ ಕಟ್ಟದೆ ಬಂದದ್ದು, ಕಸದ ಗಾಡಿ. ತಲೆ ಎತ್ತಲಿಲ್ಲ.

ನಿಧಾನ ಇಳಿದು ಸ್ಟೂಲಿನ ಮೇಲೇ ಕೂತರು. ಬಲೆ ತೊಡೆಯ ಮೇಲೆ. ಬೈಯಲಿಲ್ಲ. ಬೈದಿದ್ದರೆ...

ಕೇಳಿದರು: "ಬಿದ್ದೋಯ್ತು ಅಂದಿದ್ರೆ ನಾನೇನಂತಿದ್ದೆ ಟೀಚರಮ್ಮ?"

ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಬಲೆ ಮಡಿಸಿ ಅವರ ಜಗಲಿಯ ಮೇಲಿಟ್ಟೆ. ಪೀಚು ನೋಡಿದೆ — ಹಳದಿಗೆ ತಿರುಗಿದೆ, ತೊಟ್ಟು ಒಣಗಿದೆ. ಉಳಿಯುವುದಿಲ್ಲ. ಅವರಿಗೂ ಗೊತ್ತಿರಬೇಕು.

ಏನನ್ನುತ್ತಿದ್ದರು? ಏನೂ ಅನ್ನುತ್ತಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಸುಳ್ಳು ಹೇಳಿದ್ದು ಅವರಿಗೆ ಹೆದರಿ ಅಲ್ಲ. ಅವರ ಮನೆಯ ಕಾಯಿ, ಅವರ ಹೆಂಡತಿಯ ಬೀಜ, ನನಗೇನು ಎಂದು ಮಳೆ ಬಂದ ಸಂಜೆಯೇ ಒಳಗೊಳಗೇ ನಾನು ಅಂದುಕೊಂಡಿದ್ದೆ. ಅದನ್ನು ಮುಚ್ಚಿಡಲು ನನಗೊಂದು ಕೋತಿ ಬೇಕಾಯಿತು.